ಎಡಗೈ ಎತ್ತರದ ಕುರ್ಚಿ

ತಾನು ಹೊಲಿದ ಸೋಫಾದ ಮೇಲೆ ತಾನೇ ಮೊದಲು ಕೂತು ನೋಡದೆ ನೀಲಾ ಅದನ್ನು ಶೆಡ್ಡಿನಿಂದ ಆಚೆ ಕಳಿಸಿದವಳಲ್ಲ. ಕೂರುವುದಕ್ಕೂ ಅವಳದೊಂದು ಪದ್ಧತಿ. ಮೊದಲು ಕಾಲು ಇಳಿಬಿಟ್ಟು ಕೂರುತ್ತಾಳೆ. ಆಮೇಲೆ ಚಪ್ಪಲಿ ಬಿಟ್ಟು, ಸೀರೆ ಸರಿಮಾಡಿಕೊಂಡು ಚಕ್ಕಳಮಕ್ಕಳ ಹಾಕುತ್ತಾಳೆ. ಹುಬ್ಬಳ್ಳಿ-ಧಾರವಾಡದ ಮಂದಿ ಎಂಥ ಸೋಫಾ ತಂದರೂ ಹತ್ತು ನಿಮಿಷದಲ್ಲಿ ಕಾಲು ಮೇಲೆ ತಗೊಳ್ಳುವವರೇ ಎಂಬುದು ಅವಳಿಗೆ ಗೊತ್ತು. ಕೊನೆಗೆ ಎರಡೂ ಕೈ ಎದೆಗೆ ಕಟ್ಟಿಕೊಂಡು, ಎಲ್ಲೂ ಊರದೆ ಎದ್ದು ನಿಲ್ಲುತ್ತಾಳೆ. ಏಳುವಾಗ ತಡವರಿಸಿದರೆ ಸೋಫಾವನ್ನು ಮತ್ತೆ ಬಿಚ್ಚಿ ಕೂರುತ್ತಾಳೆ. "ಕುಂದ್ರಸೂದು ಯಾರಾದ್ರೂ ಮಾಡ್ತಾರ್ರಿ, ಎಬ್ಬಸೂದ ಖರೇ ಕೆಲಸ" ಎಂದು ಯಾರೂ ಕೇಳದಿದ್ದರೂ ಹೇಳುತ್ತಾಳೆ.

ಅವಳ ಶೆಡ್ಡು ಹುಬ್ಬಳ್ಳಿಯ ಅಂಚಿನ ಕಾರ್ಖಾನೆಗಳ ಊರು ತಾರಿಹಾಳದಲ್ಲಿ. ಒಂದು ಮಗ್ಗುಲಿಗೆ ಕಬ್ಬಿಣದ ಎರಕದವರು, ಇನ್ನೊಂದು ಮಗ್ಗುಲಿಗೆ ರಟ್ಟಿನ ಡಬ್ಬಿ ಮಾಡುವವರು, ನಡುವೆ ತಗಡಿನ ಛಾವಣಿಯ ಕೆಳಗೆ ಇವಳು ಮತ್ತು ಬಡಿಗ ಮುಜಮ್ಮಿಲ ಚಾಚಾ. ಚೌಕಟ್ಟು ಚಾಚಾನದು, ಅದರ ಮೇಲಿನ ಪಟ್ಟಿ, ಫೋಮು, ಬಟ್ಟೆ, ಹೊಲಿಗೆ ಎಲ್ಲ ನೀಲಾಳದು. ಹತ್ತೊಂಬತ್ತು ವರ್ಷದಿಂದ ಇಬ್ಬರ ಕೆಲಸವೂ ಪೇಟೆಯ ಒಂದು ದೊಡ್ಡ ಶೋರೂಮಿಗೆ ಹೋಗುತ್ತದೆ. ಹೋಗುವ ಮೊದಲು ಪ್ರತಿ ಸೋಫಾದ ಮೂಲೆಗೆ ಒಂದು ಚೀಟಿ ಹೊಲಿಯಬೇಕು. ಚೀಟಿಯ ಸುರುಳಿ ಶೋರೂಮಿನವರೇ ಕಳಿಸುತ್ತಾರೆ. ಕಪ್ಪು ಪಟ್ಟಿಯ ಮೇಲೆ ಬಂಗಾರದ ದಾರದಲ್ಲಿ 'ಇಟಾಲಿಯನ್ ಡಿಸೈನ್' ಎಂದು ಬರೆದಿರುತ್ತದೆ. ಇಟಲಿ ಎಲ್ಲಿದೆ ಎಂದು ಕೇಳಿದರೆ ಆ ಶೋರೂಮಿನ ಮಾರಾಟದವನು ಊರೊಳಗಿನ ಗೋಕುಲ ರೋಡಿನ ಕಡೆ ಕೈ ತೋರಿಸಿಯಾನು. ಕೊಂಡವರು ಮಾತ್ರ ಆ ಚೀಟಿಯನ್ನು ಬೆರಳಿನಿಂದ ಸವರಿ, ನೆಂಟರಿಗೆ ತೋರಿಸಿ ಸುಖಪಡುತ್ತಾರೆ.

ನೀಲಾಳಿಗೆ ನಿಜವಾದ ಇಟಲಿಯ ಕೆಲಸದ ಪರಿಚಯ ಆದದ್ದು ಚೀಟಿಯಿಂದಲ್ಲ, ಇಲಿಯಿಂದ. ಹತ್ತು ವರ್ಷದ ಹಿಂದೆ ಧಾರವಾಡದ ಡಾಕ್ಟರೊಬ್ಬರ ಮನೆಯಿಂದ ಇಲಿ ಕಡಿದ ಸೋಫಾವೊಂದು ರಿಪೇರಿಗೆ ಬಂತು. ಅವರು ಪರದೇಶದಲ್ಲಿದ್ದಾಗ ಕೊಂಡು, ವಾಪಸು ಬರುವಾಗ ಹಡಗಿನಲ್ಲಿ ಹಾಕಿಸಿ ತಂದದ್ದು. ಹೊರಗಿನಿಂದ ನೋಡಿದರೆ ಏನೂ ಇಲ್ಲ. ಒಂದು ಬಳ್ಳಿ ಕೆತ್ತಿಲ್ಲ, ಒಂದು ಗೊಂಡೆ ಇಳಿಬಿಟ್ಟಿಲ್ಲ, ನಾಲ್ಕು ಸಣ್ಣ ಕಾಲಿನ ಮೇಲೆ ಒಂದೇ ಗೆರೆ ಎಳೆದಂತೆ ಕೂತಿತ್ತು. ನೀಲಾ ಅದನ್ನು ಪದರ ಪದರವಾಗಿ ಬಿಚ್ಚುತ್ತ ಹೋದಳು. ಫೋಮು ಮೂರು ಪದರ, ಒಂದೊಂದೂ ಬೇರೆ ಬೇರೆ ಗಟ್ಟಿ. ಯಾರೂ ಎಂದೂ ನೋಡದ ಒಳಗಿನ ಹೊಲಿಗೆ ಹೊರಗಿನ ಹೊಲಿಗೆಯಷ್ಟೇ ನೇರ. ಕಟ್ಟಕಡೆಗೆ ಹಿಂಬದಿಯ ಮರದ ಮೇಲೆ ಪೆನ್ಸಿಲಿನಿಂದ ಇಂಗ್ಲಿಷ್ ಅಕ್ಷರಗಳಲ್ಲಿ ಒಂದು ಹೆಸರು ಬರೆದಿತ್ತು. ಕೂಡಿಸಿಕೊಂಡು ಓದಿದಳು. ಫ್ರಾಂಕಾ. ಪಕ್ಕದಲ್ಲಿ ಒಂದು ಇಸವಿ.

"ಚಾಚಾ, ಇದನ್ನ ಹೊಲದಾಕಿ ಹೆಣಮಗಳು" ಎಂದಳು. ಅವಳ ದನಿ ಬೇರೆಯೇ ಆಗಿತ್ತು.

ಆ ದಿನದಿಂದ ಅವಳಿಗೆ ಒಂದು ಹುಚ್ಚು ಹತ್ತಿತು. ಹುಚ್ಚು ಎನ್ನುವುದು ಅವಳ ಅಣ್ಣ ರಾಜರತ್ನನ ಮಾತು, ನನ್ನದಲ್ಲ. ಬಿಳಿ ಪಟ್ಟಿಯೊಂದನ್ನು ಕತ್ತರಿಸಿ, ನೀಲಿ ದಾರದಲ್ಲಿ ಕೈಯಾರೆ 'ನೀಲಾ ರಾಮಪ್ಪ, ತಾರಿಹಾಳ' ಎಂದು ಹೊಲಿದು ಸೂಜಿಯ ಡಬ್ಬಿಯಲ್ಲಿ ಇಟ್ಟುಕೊಂಡಳು. ಫ್ರಾಂಕಾಳ ಹಾಗೆ ಒಳಗೆ ಬಚ್ಚಿಡಲು ಅಲ್ಲ, ಹೊರಗೆ ಕಾಣುವ ಹಾಗೆ ಹಚ್ಚಲು. ಒಂದು ಕುರ್ಚಿ, ತನ್ನದೇ ಲೆಕ್ಕಾಚಾರದ್ದು, ತನ್ನ ಹೆಸರು ಹೊತ್ತು ಯಾರದಾದರೂ ಮನೆಯ ಮುಂದಿನ ಹಾಲಿನಲ್ಲಿ ನಿಲ್ಲಬೇಕು. ಅವಳಿಗೆ ಬೇಕಿದ್ದದ್ದು ಇಷ್ಟೇ. ಹತ್ತು ವರ್ಷ ಆ ಪಟ್ಟಿ ಡಬ್ಬಿಯಲ್ಲೇ ಇತ್ತು.

ರಾಜರತ್ನ ತಾಲೂಕು ಕಚೇರಿಯಲ್ಲಿ ಗುಮಾಸ್ತ. ಅವರ ಅಜ್ಜ ತೊಗಲು ಹದ ಮಾಡಿ ಚಪ್ಪಲಿ ಹೊಲಿಯುತ್ತಿದ್ದವನು. ಹಿತ್ತಲಿನಲ್ಲಿ ತೊಗಲು ನೆನೆಹಾಕುವ ದೊಡ್ಡ ಬಾನಿ ಇತ್ತು, ಅದರ ವಾಸನೆ ಮಕ್ಕಳ ಸಾಲಿ ಅಂಗಿಗೂ ಹತ್ತುತ್ತಿತ್ತು. ಅಪ್ಪ ರಾಮಪ್ಪ ಆ ಬಾನಿಯನ್ನು ಒಡೆದು ಹಾಕಿ, ಬಸ್ ಡಿಪೋದಲ್ಲಿ ಸೀಟು ಹೊಲಿಯುವ ಕೆಲಸ ಹಿಡಿದ, ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ಹೋಗಿ ಬೌದ್ಧನಾದ. ಮಗನನ್ನು ಕಚೇರಿಗೆ ಹಚ್ಚಿದ. "ನಮ್ಮಪ್ಪ ಸೂಜಿ ಬಿಡಸಾಕ ಜೀವಾ ತೇದ, ನೀ ಮತ್ತ ಅದನ್ನ ಹಿಡಕೊಂಡು ಕುಂತಿ" ಎಂದು ರಾಜರತ್ನ ಬಂದಾಗಲೆಲ್ಲ ಹೇಳುತ್ತಾನೆ. ನೀಲಾ ಚಹಾ ಕೊಟ್ಟು, ತಲೆ ಅಲ್ಲಾಡಿಸಿ ಕಳಿಸುತ್ತಾಳೆ. ಅಪ್ಪ ಬಿಡಿಸಿದ್ದು ತೊಗಲನ್ನು, ಸೂಜಿಯನ್ನಲ್ಲ ಎಂಬುದು ಅವಳ ಮನಸ್ಸಿನಲ್ಲಿ ಖಚಿತವಾಗಿದೆ.

ಹೋದ ಆಷಾಢದಲ್ಲಿ ರಜನಿ ಫೋನ್ ಮಾಡಿದಳು. ರಜನಿ ಮನೆಗಳ ಒಳಾಂಗಣ ವಿನ್ಯಾಸ ಮಾಡುವ ಹುಡುಗಿ. ಇಟಲಿಯ ಹಳೆಯ ವಿನ್ಯಾಸ ಪತ್ರಿಕೆಗಳನ್ನು ಓದಿಯಾದ ಮೇಲೆ ನೀಲಾಳಿಗೆ ತಂದುಕೊಡುವವಳೂ ಅವಳೇ.

"ನೀಲಕ್ಕ, ಅಮರಗೋಳ ಮಾರ್ಕೆಟ್ಟಿನ ಹತ್ತಿ ವ್ಯಾಪಾರಿ ಬಸವಪ್ರಭು ಅವರ ಮನಿ ಮುಗಿಸಿದೆನೆಲ್ಲಾ, ಅಲ್ಲೆ ಒಂದು ಕುರ್ಚಿ ಕೈ ಕೊಟ್ಟೈತಿ. ಬರ್ತಿ ಏನು?"

ಬಸವಪ್ರಭು ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಕಟ್ಟಿಸಿದ ಮನೆಯನ್ನು ರಜನಿ ಪೂರಾ ಇಟಲಿ ಮಾಡಿಟ್ಟಿದ್ದಳು. ಚುಕ್ಕೆ ಚುಕ್ಕೆ ಕಲ್ಲಿನ ನೆಲ, ಬೂದಿಬಣ್ಣದ ಗೋಡೆ, ಕಂಬಳಿಯಂತೆ ತಗ್ಗಾಗಿ ಹರಡಿದ ಸೋಫಾ, ಊಟದ ಮೇಜಿನ ಮೇಲೆ ತೂಗುವ ಒಂದೇ ಗಾಜಿನ ಗುಂಡು. ಚಂದವಿತ್ತು, ಸುಳ್ಳು ಏಕೆ ಹೇಳಬೇಕು. ಆದರೆ ಆ ಚಂದದ ನಟ್ಟನಡುವೆ ಕಿಟಕಿಯ ಬದಿಗೆ ಒಂದು ಕೆಂಪು ಪ್ಲಾಸ್ಟಿಕ್ ಕುರ್ಚಿ ಇತ್ತು. ಅದರ ಮೇಲೆ ಬಸವಪ್ರಭುವಿನ ತಾಯಿ ಶರಣವ್ವ ಕೂತಿದ್ದರು. ಮೂವತ್ತೊಂದು ವರ್ಷ ಧಾರವಾಡದ ಕನ್ನಡ ಸಾಲಿಯಲ್ಲಿ ಕಲಿಸಿ ನಿವೃತ್ತರಾದವರು, ಊರಿಗೆಲ್ಲ ಶರಣವ್ವ ಅಕ್ಕೋರು. ಅವರ ಪಕ್ಕಕ್ಕೆ, ಅತಿಥಿ ಬಾರದ ಮನೆಯಂತೆ ಖಾಲಿಯಾಗಿ, ಇಟಲಿಯಿಂದಲೇ ಮುಂಬೈ ಮೇಲೆ ಬಂದ ಕಂದುಬಣ್ಣದ ಒರಗುಕುರ್ಚಿ.

ನಡೆದದ್ದು ಇಷ್ಟು. ಅಕ್ಕೋರಿಗೆ ಎರಡೂ ಮೊಣಕಾಲಿನ ಆಪರೇಷನ್ ಆಗಿತ್ತು. ಅರವತ್ತು ವರ್ಷ ನೆಲದ ಮೇಲೆ ಕೂತು ಲಿಂಗಪೂಜೆ ಮಾಡಿದವರಿಗೆ ಇನ್ನು ನೆಲ ದೂರವಾಯಿತು. ಅವ್ವ ಕುರ್ಚಿಯ ಮೇಲೆಯೇ ಪೂಜೆ ಮಾಡಬೇಕಲ್ಲ, ಆ ಕುರ್ಚಿ ಜಗತ್ತಿನಲ್ಲೇ ಛಲೋದು ಇರಲಿ ಎಂದು ಮಗ ಪ್ರೀತಿಯಿಂದ ತರಿಸಿದ. ಬಂದ ದಿನ ಅಕ್ಕೋರು ಅದನ್ನು ಮುಟ್ಟಿ ನೋಡಿ "ಇದು ಏನೋ?" ಎಂದರು. ಮಗ ಹೆಮ್ಮೆಯಿಂದ "ಅಸಲಿ ತೊಗಲು ಅವ್ವಾ" ಎಂದ. ಅಕ್ಕೋರು ಕೈಯನ್ನು ಸೆರಗಿಗೆ ಒರೆಸಿಕೊಂಡು ಅಡುಗೆಮನೆಯ ಪ್ಲಾಸ್ಟಿಕ್ ಕುರ್ಚಿ ತರಿಸಿಕೊಂಡರು. ತೊಗಲಿನ ಮೇಲೆ ಕೂತು ಲಿಂಗ ಹಿಡಿಯುವುದುಂಟೇ? ಆರು ತಿಂಗಳು ಮನೆ ಕಟ್ಟಿಸಿದ ಮಗನಿಗೂ, ಒಂದೊಂದು ಹಿಡಿಕೆಯನ್ನೂ ಆರಿಸಿದ ರಜನಿಗೂ ಇದು ಹೊಳೆದಿರಲಿಲ್ಲ.

"ತೊಗಲು ತಗದು ಬಟ್ಟಿ ಹಚ್ಚಿ ಕೊಡ್ರಿ. ಅಷ್ಟ ಕೆಲಸ" ಎಂದ ಬಸವಪ್ರಭು.

ನೀಲಾ ಆ ತೊಗಲಿನ ಕುರ್ಚಿಯಲ್ಲಿ ಮೊದಲು ಕಾಲು ಇಳಿಬಿಟ್ಟು ಕೂತಳು, ಆಮೇಲೆ ಚಕ್ಕಳಮಕ್ಕಳ ಹಾಕಿದಳು, ಆಮೇಲೆ ಕೈ ಕಟ್ಟಿಕೊಂಡು ಏಳಲು ಹೋದಳು. ಏಳಲಾಗಲಿಲ್ಲ. ಒಳಗಿನ ಕೆಲಸ ಫ್ರಾಂಕಾಳಂಥವಳದೇ ಇರಬೇಕು, ಅಷ್ಟು ಹದವಾಗಿತ್ತು. ಆದರೆ ಅದು ದಣಿದು ಬಂದವನು ಹಿಂದಕ್ಕೆ ಒರಗಿ ಮೈ ಚೆಲ್ಲುವ ಕುರ್ಚಿ.

"ಅಕ್ಕೋರ, ಪೂಜಾಕ್ಕ ನೀವು ಹೆಂಗ ಕುಂದರತೀರಿ, ಒಮ್ಮೆ ತೋರಿಸ್ತೀರೇನ್ರಿ?" ಎಂದು ಕೇಳಿದಳು.

ಶರಣವ್ವ ಬೆನ್ನು ನೆಟ್ಟಗೆ ಮಾಡಿ, ಎಡಗೈಯನ್ನು ಎದೆಯ ಎತ್ತರಕ್ಕೆ ಎತ್ತಿ, ಅಂಗೈ ಅರಳಿಸಿದರು. ಬಲಗೈ ಗಾಳಿಯಲ್ಲೇ ವಿಭೂತಿ, ಪತ್ರಿ, ಹೂವಿನ ಕಡೆ ಓಡಾಡಿತು. ಒಂದು ನಿಮಿಷ ಆಗುವಷ್ಟರಲ್ಲಿ ಎಡಗೈ ನಡುಗತೊಡಗಿತು. ಬಲಗೈಯಿಂದ ಅದನ್ನು ಹಿಡಿದುಕೊಂಡರು. "ಮೊದಲ ತೊಡಿ ಆಸರ ಇರತಿತ್ತು. ಈಗ ಅರ್ಧಾ ತಾಸು ಹಿಡಿಯೂದು ಆಗವಲ್ದು. ಪೂಜಿ ಅರ್ಧಕ್ಕ ಬಿಡತೇನಿ" ಎಂದರು. ಅಷ್ಟು ಹೇಳುವಾಗ ಅವರಿಗೆ ನಾಚಿಕೆಯಾದದ್ದು ನೀಲಾಳಿಗೆ ಕಂಡಿತು.

"ಬಟ್ಟಿ ಬದಲಿ ಮಾಡಿದ್ರ ಇದು ಆಗಂಗಿಲ್ಲ ಸರ್" ಎಂದಳು ನೀಲಾ. "ಬ್ಯಾರೆ ಕುರ್ಚಿ ಮಾಡ್ತೇನಿ. ಅಕ್ಕೋರ ಮೈ ಅಳತಿಗೆ. ಖರೇ ಒಂದು ಮಾತು, ಅದಕ್ಕ ನನ್ನ ಹೆಸರು ಹಚ್ಚತೇನಿ."

"ತಾರಿಹಾಳದ ಕುರ್ಚಿ, ಈ ಹಾಲ್‌ನ್ಯಾಗ?" ಬಸವಪ್ರಭು ನಕ್ಕ. ಹೆಸರಿನ ಮಾತಿಗೆ ಹೂಂ ಅನ್ನಲಿಲ್ಲ, ಊಹೂಂ ಎಂದೂ ಅನ್ನಲಿಲ್ಲ. "ಶ್ರಾವಣದ ಮೊದಲನೇ ಸೋಮವಾರಕ್ಕ ಅವ್ವ ಪೂರಾ ಪೂಜಿ ಮಾಡಬೇಕು ಅಂತಾಳ. ಅಷ್ಟರಾಗ ತರ್ರಿ. ಅವ್ವಗ ಸೇರದಿದ್ರ ಈ ಕುರ್ಚಿಗೇ ಬಟ್ಟಿ ಹಚ್ಚಿಕೊಟ್ಟು ಬಿಡ್ರಿ."

"ತೊಗಲಿಂದು ಏನೂ ಇರಬಾರದು" ಎಂದರು ಶರಣವ್ವ.

"ಇರಂಗಿಲ್ಲರಿ ಅಕ್ಕೋರ. ನನ್ನ ಮಾತು."

ಕೊರಳಲ್ಲಿದ್ದ ಟೇಪು ತೆಗೆದು ನೀಲಾ ಹತ್ತಿರ ಹೋದಳು. ಅಕ್ಕೋರು ಕೇಳಿದರು, ಆ ವಯಸ್ಸಿನವರೆಲ್ಲ ಕೇಳುವ ಹಾಗೆಯೇ: "ಯಾರ ಪೈಕಿ ತಂಗಿ ನೀನು?"

"ನಮ್ಮಜ್ಜ ತೊಗಲು ಹದಾ ಮಾಡಿ ಚಪ್ಪಲ್ ಹೊಲೀತಿದ್ದರಿ. ನಾವೀಗ ಬೌದ್ಧರು."

ಶರಣವ್ವನ ಕೈ ಸೆರಗಿನೊಳಗಿನ ಲಿಂಗದ ಮೇಲೆ ಹೋಯಿತು. "ಅಳತಿ ರಜನಿ ತಗೊಳ್ಳಲಿ. ನೀ ಅಲ್ಲೆ ನಿಂತು ಬರಕೊ" ಎಂದರು. ಮೆತ್ತಗೆಯೇ ಹೇಳಿದರು. ಮೆತ್ತಗೆ ಹೇಳಿದ್ದರಿಂದ ಅದೇನೂ ಕಡಿಮೆ ಚುಚ್ಚಲಿಲ್ಲ. ಅವರ ತಲೆಯ ಮೇಲಿನ ಗೋಡೆಯಲ್ಲಿ ಶರಣರ ದೊಡ್ಡ ಚಿತ್ರವಿತ್ತು, ಅದರಲ್ಲಿ ಚಪ್ಪಲಿ ಹೊಲಿದ ಶರಣನೂ ಇದ್ದ. ನೀಲಾ ಆ ಚಿತ್ರವನ್ನು ನೋಡಿದಳು, ರಜನಿ ನೆಲ ನೋಡಿದಳು. ಎದ್ದು ಹೋಗಲು ಕಾರಣ ಬೇಕಿದ್ದರೆ ಅದಕ್ಕಿಂತ ದೊಡ್ಡದು ಸಿಗುತ್ತಿರಲಿಲ್ಲ. ನೀಲಾ ಟೇಪನ್ನು ರಜನಿಯ ಕೈಗೆ ಕೊಟ್ಟು ಪೆನ್ಸಿಲು ಹಿಡಿದಳು. ಹತ್ತು ವರ್ಷ ಕಾದ ಪಟ್ಟಿಯನ್ನು ಇಂಥ ಮನೆಯಲ್ಲೇ ಹಚ್ಚಿ ತೋರಿಸುತ್ತೇನೆ ಎಂದು ಅಲ್ಲಿ ನಿಂತೇ ತೀರ್ಮಾನಿಸಿದಳು. ಸೊಂಟದಿಂದ ಮೊಣಕಾಲು, ಮೊಣಕಾಲಿನಿಂದ ನೆಲ, ಕುಂಡಿಯಿಂದ ಮೊಳಕೈ. ರಜನಿ ಹೇಳಿದಂತೆ ಬರೆದುಕೊಂಡಳು.

ಕುರ್ಚಿಯ ಚಿತ್ರ ಬರೆದು ತೋರಿಸಿದಾಗ ಚಾಚಾ ಕನ್ನಡಕ ಏರಿಸಿ ಇಳಿಸಿ ನೋಡಿದ. ಎಡಗೈ ಹಿಡಿಕೆ ಎತ್ತರ, ತುದಿಯಲ್ಲಿ ಮೊಳಕೈ ಕೂರಲು ಸಣ್ಣ ಮೆತ್ತೆ. ಬಲಗೈ ಹಿಡಿಕೆ ತಗ್ಗು, ಪೂಜೆಯ ತಾಟು ನಿಲ್ಲುವಷ್ಟು ಅಗಲ.

"ಒಂದು ಕೈ ಮ್ಯಾಲ, ಒಂದು ಕೈ ಕೆಳಗ. ಬೇಟಿ, ಜನಾ ನಗ್ತಾರ."

ರಜನಿಯೂ ನೋಡಿ ತಲೆ ಕೆರೆದುಕೊಂಡಳು. "ಇದನ್ನ ಇಟಲಿಯೊಳಗ ಮಾಡಿದ್ರ ಡಿಸೈನ್ ಅಂತಾರ. ಇಲ್ಲೆ ಮಾಡಿದ್ರ ಬಡಿಗ್ಯಾಂದು ತಪ್ಪು ಅಂತಾರ."

"ಅನ್ನಲಿ. ನಗೋರು ಅರ್ಧಾ ತಾಸು ಕೈ ಎತ್ತಿ ಹಿಡದು ಆಮ್ಯಾಲ ನಗಲಿ" ಎಂದಳು ನೀಲಾ.

ಹಳೆಯ ವಾಡೆಯೊಂದರ ಸಾಗವಾನಿ ತೊಲೆ ಚಾಚಾನ ಬಳಿ ಇತ್ತು, ಅದನ್ನೇ ಸೀಳಿದ. ಪತ್ರಿಕೆಗಳಲ್ಲಿ ನೋಡಿ ನೋಡಿ ನೀಲಾಳ ಕಣ್ಣಿಗೆ ಇಳಿದಿದ್ದ ಆ ಸರಳತನ ಇಲ್ಲೂ ಇತ್ತು. ಕೆಳಗೆ ಸಣ್ಣಗಾಗುತ್ತ ಹೋಗುವ ಕಾಲು, ಒಂದೇ ಬಾಗಿನ ಬೆನ್ನು, ಎಲ್ಲೂ ಒಂದು ಹೂವಿಲ್ಲ. ಬಟ್ಟೆಗಾಗಿ ಬಸ್ಸು ಹತ್ತಿ ಧಾರವಾಡದಾಚೆ ಖಾದಿ ನೇಯುವ ಊರು ಗರಗಕ್ಕೆ ಹೋದಳು. ಬಣ್ಣ ಹಾಕದ ದಪ್ಪ ಖಾದಿ, ನೇಯುವವಳ ಮಗ್ಗದ ಬದಿಗೆ ಕೂತು ಆರಿಸಿದಳು. ತಂದು ಮೂರು ಸಲ ನೀರಿನಲ್ಲಿ ನೆನೆಸಿ ಒಣಗಿಸಿದಳು, ಕುಗ್ಗುವುದೆಲ್ಲ ಮೊದಲೇ ಕುಗ್ಗಿಹೋಗಲಿ ಎಂದು. ಶೋರೂಮಿನ ಕೆಲಸ ಹಿಂದೆ ಬಿತ್ತು. ಅಲ್ಲಿಂದ ಎರಡು ಸಲ ಬೈದು ಫೋನ್ ಬಂತು, ಎರಡು ಸಲವೂ "ಆತ್ರಿ" ಎಂದು ಇಟ್ಟಳು.

ಶನಿವಾರ ಮಧ್ಯಾಹ್ನದ ಹೊತ್ತಿಗೆ ಕುರ್ಚಿ ಮುಗಿಯಿತು ಎನ್ನಬೇಕು. ಸೀಟಿನ ಕೆಳಗೆ ಖಾದಿಯ ಅಂಚು ಮಡಿಸಿ ಮೊಳೆ ಹೊಡೆಯಲು ನೀಲಾ ಮೊಣಕಾಲೂರಿ ತಲೆ ಒಳಗೆ ಹಾಕಿದಳು. ಹಾಕಿದವಳು ಸುತ್ತಿಗೆ ಕೆಳಗಿಟ್ಟಳು. ಮೂಗಿಗೆ ಒಂದು ವಾಸನೆ ಬಂದಿತ್ತು. ತೀರ ಸಣ್ಣಗೆ, ಮರದ ಕೀಲಿನಿಂದ. ಬೇರೆ ಯಾರಿಗೂ ಅದು ತಿಳಿಯುತ್ತಿರಲಿಲ್ಲ. ಅವಳಿಗೆ ತಿಳಿಯಿತು, ಏಕೆಂದರೆ ಅದು ಅಜ್ಜನ ಹಿತ್ತಲಿನ ವಾಸನೆ.

"ಚಾಚಾ, ಕೀಲಿಗೆ ಏನು ಅಂಟು ಹಾಕೀರಿ?"

ಮುಜಮ್ಮಿಲ ಚಾಚಾನ ಮುಖ ಅರಳಿತು. "ಗೊತ್ತಾತೇನು! ಸರೇಸು, ಬೇಟಿ. ನಮ್ಮ ದಾದಾ, ನಮ್ಮಜ್ಜ, ಹಾಕತಿದ್ದದ್ದು. ಶೋರೂಮಿನ ಸೋಫಾಕ್ಕೆಲ್ಲಾ ಡಬ್ಬಿ ಗೋಂದು ಬಡೀತೇನಿ. ಇದು ನಿನ್ನ ಹೆಸರಿನ ಕುರ್ಚಿ, ನೂರು ವರ್ಷ ಅಲಗಾಡಬಾರದು ಅಂತ ನೀ ಗರಗಕ್ಕ ಹೋದಾಗ ನಾನ ಕುದಿಸಿ ಹಾಕೇನಿ."

ಸರೇಸು ಎಂದರೆ ದನದ ತೊಗಲು, ಎಲುಬು ಕುದಿಸಿ ತೆಗೆಯುವ ಅಂಟು. ಹಳೆಯ ಬಡಿಗರಿಗೆ ಅದಕ್ಕಿಂತ ಮೇಲಿನದು ಇಲ್ಲ. ಬಟ್ಟೆ ಬಟ್ಟೆ ಎಂದು ಗರಗದವರೆಗೆ ಓಡಿದವಳು, ತಾನು ಕೊಟ್ಟ ಮಾತನ್ನು ಪಕ್ಕದಲ್ಲೇ ಕೂತ ಚಾಚಾನಿಗೆ ಹೇಳಿರಲಿಲ್ಲ. ತೊಗಲು ಎಂದರೆ ಮೇಲಿನ ಹೊದಿಕೆ ಎಂದಷ್ಟೇ ಅವಳೂ ತಿಳಿದಿದ್ದಳು. ತಪ್ಪು ಅವಳದೇ. ಈಗ ಹೇಳಿದಾಗ ಚಾಚಾ ಮುಖ ಸಣ್ಣದು ಮಾಡಿಕೊಂಡು ಕೂತ. ಆಮೇಲೆ ಮೆಲ್ಲಗೆ, "ಒಳಗಿಂದು ಅಲ್ಲೇನು? ಯಾರಿಗೆ ಗೊತ್ತಾಗತೈತಿ?" ಎಂದ.

ಆ ಮಾತು ಬೇರೆ ಯಾರದಾಗಿದ್ದರೂ ನೀಲಾ ಒಪ್ಪಿಬಿಡುತ್ತಿದ್ದಳೇನೋ. ಆದರೆ ಅದು ಶೋರೂಮಿನವರು ಹತ್ತೊಂಬತ್ತು ವರ್ಷದಿಂದ ಬಂಗಾರದ ಚೀಟಿಯ ಸುರುಳಿ ಕೊಡುವಾಗಲೆಲ್ಲ ಹೇಳಿದ ಮಾತು. ಯಾರಿಗೆ ಗೊತ್ತಾಗುತ್ತದೆ. ಆ ಚೀಟಿಗಳನ್ನು ಹೊಲಿದದ್ದು ಅವಳದೇ ಕೈ. ಒಂದೊಂದೂ ಸುಳ್ಳೆಂದು ತಿಳಿದೇ ಹೊಲಿದಿದ್ದಳು, ಹೊಟ್ಟೆಪಾಡು ಎಂದು ಸುಮ್ಮನಿದ್ದಳು. ಅಳತೆಗೂ ಮುಟ್ಟಬೇಡ ಎಂದ ಮುದುಕಿಗೆ ಸುಳ್ಳು ಹೇಳಿದರೆ ಏನಾಯಿತು ಎಂದು ಮನಸ್ಸಿನ ಒಂದು ಮೂಲೆ ಹೇಳಿತು, ಅದನ್ನೂ ಮುಚ್ಚಿಡುವುದಿಲ್ಲ. ಆ ಮೂಲೆಯ ಮಾತನ್ನೂ ಪೂರಾ ಕೇಳಿಕೊಂಡೇ ನೀಲಾ ಎದ್ದಳು.

"ನನಗ ಗೊತ್ತಾಗೇತೆಲ್ಲಾ ಚಾಚಾ. ನನ್ನ ಹೆಸರು ಹಚ್ಚೂ ಮೊದಲನೇ ಕುರ್ಚಿ ಇದು. ಇದೂ ಸುಳ್ಳಾದ್ರ ಹೆಸರು ಯಾಕ ಬೇಕು? ಬಿಚ್ಚೂಣು."

ರವಿವಾರ ಬೆಳಿಗ್ಗೆ ಇಬ್ಬರೂ ಬಿಚ್ಚಿದರು. ಸರೇಸಿನ ಒಂದು ಗುಣ, ಬಿಸಿನೀರಿನ ಬಟ್ಟೆ ಸುತ್ತಿದರೆ ಹಿಡಿತ ಬಿಡುತ್ತದೆ. ಒಂದೊಂದು ಕೀಲನ್ನೂ ಬಿಡಿಸಿ, ಕೆರೆದು, ಬಿಸಿನೀರಿನಲ್ಲಿ ಉಜ್ಜಿ ತೊಳೆದರು. ತೊಳೆದ ಮರ ಒಣಗಬೇಕಲ್ಲ. ಜಿಟಿಜಿಟಿ ಮಳೆ, ಬಿಸಿಲು ಒಂದು ತಾಸು ಬಂದರೆ ಮೂರು ತಾಸು ಮಾಯ. ಸೋಮವಾರ ಬಂತು, ಹೋಯಿತು.

ಸೋಮವಾರ ಸಂಜೆ ಬಸವಪ್ರಭುವಿನ ಫೋನ್. "ಅವ್ವ ಇವತ್ತೂ ಪೂಜಿ ಅರ್ಧಕ್ಕ ಬಿಟ್ಲು. ಕುರ್ಚಿ ಎಲ್ಲೈತ್ರಿ?"

"ಗುರುವಾರ ತರತೇನಿ ಸರ್."

"ಗುರುವಾರ ಬಂದ್ರ ತೊಗಲಿನ ಕುರ್ಚಿ ಒಯ್ಯಾಕ ಬರ್ರಿ. ನಿಮ್ಮದು ಬ್ಯಾಡ."

"ಎರಡೂ ಕುರ್ಚಿದು ಗುರುವಾರ ಮಾತಾಡೂಣು" ಎಂದು ನೀಲಾ ಫೋನ್ ಇಟ್ಟಳು. ಕೂಡಲೇ ಚಾಚಾನಿಗೆ ಮರದ ಗೂಟಗಳನ್ನು ಒಂದೊಂದಾಗಿ ಎತ್ತಿಕೊಟ್ಟಳು. ಗೂಟ ಮತ್ತು ಡಬ್ಬಿಯ ಬಿಳಿ ಗೋಂದಿನಲ್ಲಿ ಕುರ್ಚಿ ಮತ್ತೆ ನಿಂತಿತು. ಖಾದಿಯನ್ನು ಮತ್ತೆ ಎಳೆದು ಹೊಲಿದಳು. ಬುಧವಾರ ಮಧ್ಯಾಹ್ನ ಸೂಜಿಯ ಡಬ್ಬಿಯಿಂದ ಬಿಳಿ ಪಟ್ಟಿ ತೆಗೆದು ಎಡ ಹಿಡಿಕೆಯ ಹೊರಮೈಗೆ, ಬಾಗಿಲಿನಿಂದ ಬರುವವರಿಗೆ ಎದುರಾಗಿ ಕಾಣುವಂತೆ, ಸಣ್ಣ ಸಣ್ಣ ಟಾಕಾ ಹಾಕಿ ಹೊಲಿದಳು. ಹತ್ತು ವರ್ಷದಲ್ಲಿ ಪಟ್ಟಿ ಸ್ವಲ್ಪ ಹಳದಿಯಾಗಿತ್ತು.

ಗುರುವಾರ ಬೆಳಿಗ್ಗೆ ಕುರ್ಚಿ ವಿದ್ಯಾನಗರದ ಹಾಲಿಗೆ ಬಂತು. ರಜನಿ ಮೊದಲೇ ಬಂದು ನಿಂತಿದ್ದಳು. ಬೂದಿಬಣ್ಣದ ಗೋಡೆಯ ಮುಂದೆ ಕಂದು ಮರ, ಬಣ್ಣ ಹಾಕದ ಖಾದಿ, ಒಂದು ಕೈ ಮೇಲೆ ಒಂದು ಕೈ ಕೆಳಗೆ. ರಜನಿ ಅದರ ಸುತ್ತ ಒಂದು ಸುತ್ತು ಬಂದಳು. ಬಸವಪ್ರಭು ಮಾತ್ರ ಪಟ್ಟಿಯ ಮುಂದೆ ನಿಂತ.

"ಇದು ಏನ್ರಿ? ಮುಂಬೈಯಿಂದ ಮಂದಿ ಬರ್ತಾರ ನಮ್ಮ ಮನಿಗೆ. ಇಡೀ ಮನಿ ಇಟಲಿ, ನಡುವ ತಾರಿಹಾಳ. ಇದನ್ನ ಬಿಚ್ಚಿ ಸೀಟಿನ ಕೆಳಗ ಹಚ್ಚರಿ, ಕಾಣದಂಗ."

"ಕಾಣದಂಗ ಹತ್ತೊಂಬತ್ತು ವರ್ಷ ಮಾಡೇನಿ ಸರ್. ಇದು ಇಲ್ಲೇ ಇರತೈತಿ. ಬ್ಯಾಡ ಅಂದ್ರ ಕುರ್ಚೀನ ಒಯ್ತೇನಿ."

"ಮೂರು ದಿನಾ ತಡಾ ಮಾಡಿ ಬಂದು ನನಗ ಷರತ್ತು ಹಾಕತೀರಿ?"

"ತಡಾ ಯಾಕಾತು ಅಂತ ಕೇಳ್ರಿ ಹಂಗಾದ್ರ." ನೀಲಾ ಎಲ್ಲ ಹೇಳಿದಳು. ಸರೇಸು, ವಾಸನೆ, ಬಿಚ್ಚಿದ್ದು, ತೊಳೆದದ್ದು. "ಅಕ್ಕೋರಿಗೆ ಮಾತು ಕೊಟ್ಟಿದ್ದೆ. ನಮ್ಮಜ್ಜನ ಹಿತ್ತಲದಾಗ ಬೆಳೆದಾಕಿ ಇದ್ದದ್ದಕ್ಕ ಆ ವಾಸನಿ ನನಗ ಹತ್ತಿತು. ಇಲ್ಲಾಂದ್ರ ಸೋಮವಾರನ ತಂದಿಡತಿದ್ದೆ, ನೀವೂ ಖುಷಿ ಇರತಿದ್ರಿ."

ಹೇಳಿ ಮುಗಿಸಿ ಕುರ್ಚಿಯನ್ನು ಎತ್ತಲು ಬಾಗಿದಳು. ಅಷ್ಟರಲ್ಲಿ ಕೋಲಿನ ಸದ್ದು. ಶರಣವ್ವ ಒಳಕೋಣೆಯ ಬಾಗಿಲಲ್ಲಿ ಎಷ್ಟು ಹೊತ್ತಿನಿಂದ ನಿಂತಿದ್ದರೋ. ಸ್ನಾನ ಮುಗಿದಿತ್ತು, ಹಣೆಯಲ್ಲಿ ಹಸಿ ವಿಭೂತಿ. ಸೊಸೆಯನ್ನು ಕರೆದು ಪೂಜೆಯ ತಾಟು ತರಿಸಿದರು. ಯಾರನ್ನೂ ಕೇಳದೆ ನಡೆದುಬಂದು ಆ ಕುರ್ಚಿಯಲ್ಲಿ ಕೂತರು. ಬಲಗಡೆಯ ಅಗಲ ಹಿಡಿಕೆಯ ಮೇಲೆ ತಾಟು ಇಡಿಸಿಕೊಂಡರು. ಲಿಂಗವನ್ನು ಬಿಚ್ಚಿ ಎಡ ಅಂಗೈಯಲ್ಲಿ ಇಟ್ಟುಕೊಂಡು, ಮೊಳಕೈಯನ್ನು ಮೆತ್ತೆಗೆ ಊರಿ, ಕಣ್ಣು ನೆಟ್ಟರು.

ಬಸವಪ್ರಭು ಕೈ ಕಟ್ಟಿ ನಿಂತ. ನೀಲಾ ನೋಡಿದ್ದು ಒಂದನ್ನೇ, ಆ ಎಡಗೈ. ಐದು ನಿಮಿಷ ಆಯಿತು, ಹತ್ತು ಆಯಿತು. ಹೂವು ಏರಿತು, ಪತ್ರಿ ಏರಿತು. ಕೈ ನಡುಗಲಿಲ್ಲ. ಅರ್ಧ ತಾಸಿನ ಮೇಲೆ ಶರಣವ್ವ ಲಿಂಗವನ್ನು ಕಟ್ಟಿಕೊಂಡರು. ಎರಡೂ ಕೈ ಎದೆಯ ಮೇಲಿದ್ದಂತೆಯೇ, ಎಲ್ಲೂ ಊರದೆ, ಎದ್ದು ನಿಂತರು. ನಿಂತ ಮೇಲೆ ತಾವು ಹೇಗೆ ಎದ್ದೆವು ಎಂದು ತಮಗೇ ಆಶ್ಚರ್ಯವಾದವರಂತೆ ಹಿಂದಿರುಗಿ ಕುರ್ಚಿಯನ್ನು ನೋಡಿದರು.

"ಕನ್ನಡಕಿಲ್ಲ. ಏನು ಬರದೈತಿ ಅದರ ಮ್ಯಾಲ?" ಎಂದು ಕೇಳಿದರು.

"ನೀಲಾ ರಾಮಪ್ಪ, ತಾರಿಹಾಳ."

"ರಾಮಪ್ಪ ಯಾರು?"

"ನಮ್ಮಪ್ಪರಿ. ಹುಬ್ಬಳ್ಳಿ ಡಿಪೋದಾಗ ಬಸ್ಸಿನ ಸೀಟು ಹೊಲೀತಿದ್ದ."

ಶರಣವ್ವ ಒಂದೊಂದೇ ಬೆರಳು ಮಡಿಸಿದರು. ಲೆಕ್ಕ ಹಾಕುತ್ತಿರುವಂತೆ ಕಂಡಿತು. "ಮೂವತ್ತೊಂದು ವರ್ಷ, ದಿನಾ ಹೋಗೂದು ಬರೂದು, ಹುಬ್ಬಳ್ಳಿ ಧಾರವಾಡ" ಎಂದರು. "ಅಷ್ಟೂ ವರ್ಷ ನಿಮ್ಮಪ್ಪ ಹೊಲದದ್ದರ ಮ್ಯಾಲ ಕುಂತು ಹೋಗಿ ಸಾಲಿ ಕಲಿಸೇನಿ. ಕುಂತಾಗ ಕೊರಳಾಗ ಲಿಂಗ ಇತ್ತು. ಯಾರು ಹೊಲದಾರ ಅಂತ ಒಮ್ಮೇನೂ ಕೇಳಲಿಲ್ಲ, ಇಲ್ಲೆ ಕುಂತು ನಿನಗ ಕೇಳಿದೆ." ಮಗನ ಕಡೆ ತಿರುಗಿದರು. "ಪ್ರಭು, ಆ ಪಟ್ಟಿ ಎಲ್ಲೈತಿ ಅಲ್ಲೇ ಇರಲಿ. ಬಂದವರು ಓದಲಿ."

ಬಸವಪ್ರಭು ಪಟ್ಟಿಯ ಮುಂದಿನಿಂದ ಪಕ್ಕಕ್ಕೆ ಸರಿದ.

ಶರಣವ್ವ ಮತ್ತೆ ಕುರ್ಚಿಯಲ್ಲಿ ಕೂತರು. "ಖರೇ ಒಂದು ತಪ್ಪೈತಿ ಇದರಾಗ" ಎಂದರು, ಸಾಲಿಯ ದನಿಯಲ್ಲಿ. "ಮೊಳಕೈ ಕೆಳಗ ಒಂದು ಬೆರಳು ಕಡಿಮಿ ಬಿದ್ದೈತಿ. ಅವತ್ತು ಅಳತಿ ಸರಿ ಆಗಿಲ್ಲ."

ರಜನಿ ಗಾಬರಿಯಿಂದ ಚೀಲದಲ್ಲಿ ಟೇಪು ಹುಡುಕತೊಡಗಿದಳು.

"ನೀ ಬ್ಯಾಡ, ನೀ ಬರಕೊ" ಎಂದರು ಶರಣವ್ವ. ಲಿಂಗ ಹಿಡಿಯುವ ಎಡಗೈಯನ್ನು ನೀಲಾಳ ಕಡೆ ಚಾಚಿದರು. "ಬಾ ಯವ್ವಾ. ನೀನ ಅಳತಿ ತಗೋ."

ನೀಲಾ ಕೊರಳಿನಿಂದ ಟೇಪು ತೆಗೆದಳು. ಒಂದು ಕೈಯಿಂದ ಅಕ್ಕೋರ ಮೊಳಕೈಯನ್ನು ಹಿಡಿದು ಎತ್ತಿದಳು, ಇನ್ನೊಂದು ಕೈಯಿಂದ ಸೀಟಿನವರೆಗೆ ಟೇಪು ಇಳಿಬಿಟ್ಟಳು. ಮುದಿ ಮೊಳಕೈ ಹಗುರವಾಗಿತ್ತು, ಬೆಚ್ಚಗಿತ್ತು. ಎರಡು ಸಲ ಅಳೆದಳು, ತಪ್ಪಾಗಬಾರದೆಂದು.

"ಹನ್ನೊಂದೂ ಮುಕ್ಕಾಲು" ಎಂದಳು. ರಜನಿ ಬರೆದುಕೊಂಡಳು.